ಅವರ ಅರ್ಧ ನಾನು ಹೇಳಲ್ಲ

ನಮ್ಮನೆಯಲ್ಲಿ ಜಪಸರ ಎರಡು ಭಾಷೆಯಲ್ಲಿ ನಡೆಯುತ್ತೆ. ಮೊದಲರ್ಧ ಕನ್ನಡ, ಉಳಿದರ್ಧ ತಮಿಳು. ಕೇಳಿದವರು ನಗ್ತಾರೆ, ನಗಲಿ. ಗೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡ್ತೀನಿ: ಜಪಸರ ಅಂದರೆ ನಮ್ಮ ಕ್ರೈಸ್ತರ ಮನೆಗಳಲ್ಲಿ ಸಂಜೆ ಹೊತ್ತು ಮಣಿ ಎಣಿಸಿಕೊಂಡು ಮಾತೆ ಮರಿಯಮ್ಮನವರಿಗೆ ಮಾಡೋ ಪ್ರಾರ್ಥನೆ. ಹತ್ತು ಹತ್ತು ಮಣಿಯ ಐದು ಸುತ್ತು. ಮಣಿಮಣಿಗೂ ಅದೇ ಪ್ರಾರ್ಥನೆ, ಅದನ್ನ ಇಬ್ಬರು ಹಂಚಿಕೊಂಡು ಹೇಳೋದು ಪದ್ಧತಿ. ಒಬ್ಬರು "ನಮೋ ಮರಿಯಾ" ಅಂತ ಶುರುಮಾಡಿ ಅರ್ಧಕ್ಕೆ ನಿಲ್ಲಿಸಬೇಕು. ಇನ್ನೊಬ್ಬರು ಅಲ್ಲಿಂದ ಎತ್ತಿಕೊಂಡು ಆಮೆನ್ ಮುಟ್ಟಿಸಬೇಕು.

ನಾನು ಹುಟ್ಟಿ ಬೆಳೆದದ್ದು ರಾಮಾಪುರದಿಂದ ಆಚೆ, ಕಾಡಂಚಿನ ಊರಲ್ಲಿ. ಅಲ್ಲಿ ಮನೆಯೊಳಗೆ ತಮಿಳು, ಹೊಸಿಲು ದಾಟಿದರೆ ಕನ್ನಡ. ಪಾಠ, ಸಂತೆ, ಜಗಳ ಎಲ್ಲಾ ಕನ್ನಡದಲ್ಲೇ ಮಾಡಿದವಳು ನಾನು. ಯಳಂದೂರಿನ ಒಂದು ಪ್ರೈಮರಿ ಶಾಲೆಯಲ್ಲಿ ಮಕ್ಕಳ ಕೈಹಿಡಿದು ಅ ಆ ಇ ಈ ತಿದ್ದಿಸಿ ತಿದ್ದಿಸಿ ರಿಟೈರ್ ಆದೆ. ಆದರೆ ದೇವರ ಮುಂದೆ ಕೈಮುಗಿದು ನಿಂತರೆ ನನ್ನ ಕನ್ನಡ ಎಲ್ಲೋ ಅಡಗಿಕೊಂಡುಬಿಡುತ್ತೆ. ಅಜ್ಜಿ ಕಲಿಸಿದ ಹಳೇ ತಮಿಳು ಪ್ರಾರ್ಥನೆಯೇ ಬಾಯಿಗೆ ಬರೋದು. ಏನು ಮಾಡಲಿ, ನಾಲಿಗೆ ಕೇಳಬೇಕಲ್ಲ.

ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದ ಮೊದಲ ಸಂಜೆ ಇದು ಬಯಲಾಯಿತು. ಅತ್ತೆ ಮನೆಯವರು ಅಪ್ಪಟ ಕನ್ನಡದ ಕ್ರೈಸ್ತರು. ನಮ್ಮನೆಯವರು "ನಮೋ ಮರಿಯಾ" ಅಂತ ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದರು. ಎಲ್ಲರೂ ಕನ್ನಡದಲ್ಲಿ ಮುಂದುವರಿಸುವಾಗ ನಾನು ಒಬ್ಬಳೇ "ಅರ್ಚಿಷ್ಟ ಮರಿಯಾಯೇ" ಅಂತ ತಮಿಳಲ್ಲಿ ಜೋರಾಗಿ ಎತ್ತಿಕೊಂಡೆ. ಅತ್ತೆ ಕಣ್ಣು ಬಿಟ್ಟು ನೋಡಿದರು. "ಇದ್ಯಾವ ಸೀಮೆ ಸೊಸೆನಪ್ಪಾ!" ಅಂದರು. ನಮ್ಮನೆಯವರು ಮಣಿ ಬಿಡದೆ, "ಮಾತೆಗೆ ಎಲ್ಲಾ ಭಾಸೆನೂ ಬತ್ತದೆ, ನೀನು ಸುಮ್ಕಿರವ್ವ" ಅಂದು ಮುಂದಿನ ಮಣಿಗೆ ಹೋದರು. ಅಷ್ಟೇ, ನಾನು ಆ ಮನುಷ್ಯನಿಗೆ ಸೋತುಹೋದೆ. ಅತ್ತೆ ಕಾಲವಾಗಿ, ಮಗಳೂ ಮದುವೆಯಾಗಿ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ ಉಳಿದೆವು. ಅವರ ಅರ್ಧ ಅವರದು, ನನ್ನ ಅರ್ಧ ನನ್ನದು. ಆಗೆಲ್ಲ ಅವರ ಅರ್ಧ ನಾನು ಒಂದು ದಿನವೂ ಹೇಳಿದವಳಲ್ಲ.

ಹಾಗಂತ ಶಾಂತವಾಗಿ ನಡೀತಿತ್ತು ಅಂದುಕೊಳ್ಳಬೇಡಿ. ಅವರು ಸರ್ಕಾರಿ ಬಸ್ಸಿನ ಕಂಡಕ್ಟರ್, ಕೊಳ್ಳೇಗಾಲ ಹನೂರು ರಾಮಾಪುರದ ರೂಟು. ಪ್ರಾರ್ಥನೆಯನ್ನೂ ಸ್ಟಾಪಿನ ಹೆಸರು ಕೂಗೋ ಹಾಗೆ ಎಳೆದೂ ಎಳೆದೂ ಹೇಳೋರು. ನಾನೋ, ಬಾಯಿ ತೆಗೆದರೆ ಆಮೆನ್.

"ನಿಂಗೇನು ಬಸ್ಸು ತಪ್ಪೋಯ್ತದಾ?" ಅನ್ನೋರು.

"ಸಾರು ಒಲೆ ಮೇಲದೆ ಕಣ್ರಿ."

"ಸಾರು ಕಾಯ್ತದೆ ಬುಡು, ಮಾತೆಗೆ ಉಸ್ರು ಬುಡಾಕೆ ಬುಡು."

ಹೀಗೆ ಮಾತೆಯನ್ನು ನಡುವೆ ಕೂರಿಸಿಕೊಂಡು ನಾವು ದಿನಾ ಜಗಳ ಆಡ್ತಿದ್ದೆವು.

ಅವರು ರಿಟೈರ್ ಆಗಿ ಎರಡು ವರ್ಷಕ್ಕೆ, ಒಂದು ಬೆಳಿಗ್ಗೆ ಕನ್ನಡಿ ಮುಂದೆ ಗಡ್ಡ ಕೆರೆದುಕೊಳ್ತಿದ್ದವರ ಕೈಯಿಂದ ರೇಜರ್ ಬಿತ್ತು. ನಾನು ಅಡುಗೆಮನೆಯಿಂದ, "ಏನ್ರೀ ಅದು ಸದ್ದು?" ಅಂತ ಕೂಗಿದೆ. ಹೋಗಿ ನೋಡಿದರೆ ಅರ್ಧ ಮುಖಕ್ಕೆ ಸೋಪಿನ ನೊರೆ, ಇನ್ನರ್ಧ ಮುಖ ಜೋತುಬಿದ್ದಿದೆ. ಲಕ್ವ ಹೊಡೆದಿತ್ತು. ಕೊಳ್ಳೇಗಾಲದ ಆಸ್ಪತ್ರೆ, ಅಲ್ಲಿಂದ ಮೈಸೂರು, ಹನ್ನೆರಡು ದಿನ. ಕಾಲಿಗೆ ನಿಧಾನವಾಗಿ ಜೀವ ಬಂತು. ಬಲಗೈ ಅರ್ಧಂಬರ್ಧ ಬಂತು. ಮಾತು ಬರಲಿಲ್ಲ. "ಎಲ್ಲಾ ಅರ್ಥ ಆಗುತ್ತಮ್ಮ ಅವರಿಗೆ. ಹೇಳಬೇಕಾದ ಪದ ಮಾತ್ರ ಕೈಗೆ ಸಿಗೋದಿಲ್ಲ" ಅಂದರು ಡಾಕ್ಟರು. ಮರಳಿ ಬರುತ್ತಾ ಅಂತ ಕೇಳಿದೆ. ಹೇಳೋಕಾಗಲ್ಲ ಅಂದರು.

ನನಗೆ ತುಂಬಾ ಭಯ ಆಯಿತು. ಆ ಮನುಷ್ಯ ಕುಂಟಿದರೆ ಕುಂಟಲಿ, ತುತ್ತು ನಾನು ಕಲಸಿಕೊಡ್ತೀನಿ, ಅದಕ್ಕೆಲ್ಲ ನಾನು ಹೆದರಲಿಲ್ಲ. ನನ್ನ ಜೊತೆ ಮಾತಾಡಬೇಕಿತ್ತು ಅಷ್ಟೇ. ನನಗೇ ಅಂತ ಒಂದು ಮಾತು. ಉಪ್ಪಿಲ್ಲ ಅನ್ನಲಿ, ಸೀರೆ ಚೆನ್ನಾಗಿಲ್ಲ ಅನ್ನಲಿ, ಏನಾದರೂ. ಮನೆಗೆ ಬಂದ ದಿನವೇ ದೇವರ ಪಟದ ಮುಂದೆ ನಿಂತು ಇದನ್ನೇ ಕೇಳಿದೆ. ಬೇರೆ ಏನೂ ಬೇಡ ಅಂತ ಬಾಯಿಬಿಟ್ಟು ಹೇಳಿದೆ.

ಮೂರು ವಾರಕ್ಕೆ ಮಾತು ಬಂತು ನೋಡಿ. ರಾಗಿ ಗಂಜಿ ಕುಡಿಸುವಾಗ ನನ್ನ ಕೈ ಜಾರಿ ಬಿಸಿ ಗಂಜಿ ಅವರ ತೊಡೆ ಮೇಲೆ ಚೆಲ್ಲಿತು.

"ಬಡ್ಡೆತ್ತುದೆ!" ಅಂದರು.

ಗಂಟೆ ಹೊಡೆದ ಹಾಗೆ, ಒಂದಕ್ಷರ ತೊದಲದೆ. ನಾನು ಬಟ್ಟಲು ಬಿಸಾಕಿ ಕುಣಿದುಬಿಟ್ಟೆ. "ಇನ್ನೊಂದ್ಸಲ ಬೈರಿ, ಇನ್ನೊಂದೇ ಒಂದ್ಸಲ" ಅಂತ ಗೋಗರೆದೆ. ಬೈದರು. ನಮ್ಮ ಚಾಮರಾಜನಗರದ ಕಡೆ ಇದೇನು ಅಂಥಾ ದೊಡ್ಡ ಬೈಗುಳ ಅಲ್ಲ, ದನಕ್ಕೂ ಅಂತಾರೆ, ಕೆಟ್ಟು ನಿಂತ ಮೋಟಾರಿಗೂ ಅಂತಾರೆ. ಆದರೆ ನಮ್ಮನೆಯವರ ಬಾಯಲ್ಲಿ ನಾನು ಅದನ್ನ ಒಂದು ದಿನವೂ ಕೇಳಿರಲಿಲ್ಲ. ಮೂವತ್ತು ವರ್ಷ ಬಸ್ಸಲ್ಲಿ ಕುಡುಕರು, ಕೋಳಿಬುಟ್ಟಿ, ಸೀಟಿನ ಜಗಳ ಎಲ್ಲಾ ಕಂಡೂ "ಇಳೀರಪ್ಪ, ಇಳೀರಪ್ಪ" ಅಂತ ಮಾತ್ರ ಅಂದವರು. ಅಷ್ಟೂ ವರ್ಷ ನುಂಗಿಕೊಂಡಿದ್ದರು ಅಂತ ಕಾಣುತ್ತೆ, ಈಗ ಒಂದೊಂದಾಗಿ ಈಚೆ ಬರ್ತಿತ್ತು.

ಆಮೇಲೆ ತಿಳೀತು, ಅದೊಂದೇ ಬರೋದು. ನೀರು ಬೇಕಾದರೂ ಅದೇ, ಪೇಪರ್ ಬೇಕಾದರೂ ಅದೇ, ಮೊಮ್ಮಗು ಬಂದು ಕೆನ್ನೆಗೆ ಮುತ್ತು ಕೊಟ್ಟರೂ ಕಣ್ಣಲ್ಲಿ ನೀರು ತುಂಬಿಕೊಂಡು ಅದೇ. ಫಾದರ್ ಪರಮಪ್ರಸಾದ ತಗೊಂಡು ಮನೆಗೆ ಬಂದರು. ಹಣೆ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ನಮ್ಮನೆಯವರು ಭಕ್ತಿಯಿಂದ ಕಣ್ಣುಮುಚ್ಚಿ, ತಲೆಬಾಗಿ, ಸ್ಪಷ್ಟವಾಗಿ ಬೈದರು. ನಾನು ಭೂಮಿಗೆ ಇಳಿದುಹೋದೆ. ಫಾದರ್ ಕೈ ತೆಗೀಲಿಲ್ಲ. "ಇರಲಿ ಬಿಡಿ ಟೀಚರ್, ದೇವರು ಇದಕ್ಕಿಂತ ಕೆಟ್ಟದ್ದು ಕೇಳಿದ್ದಾರೆ" ಅಂದು ನಕ್ಕು, ಕಾಫಿ ಕುಡಿದು ಹೋದರು.

ಎಲ್ಲರೂ ಫಾದರ್ ಆಗ್ತಾರಾ? ನಮ್ಮ ಬೀದಿಯಲ್ಲಿ ಒಂದು ಪ್ರಾರ್ಥನಾ ಕೂಟ ಇದೆ, ಆರು ಜನ ಹೆಂಗಸರು. ಅವರಿಗೆಲ್ಲ ಹಿರಿಯಳು ದೊಡ್ಡಕ್ಕ. ನನಗೆ ಒಡಹುಟ್ಟಿದವಳಲ್ಲ, ಬೀದಿಗೇ ದೊಡ್ಡಕ್ಕ. ಸತ್ತವರ ಮನೆ, ಹೆತ್ತವರ ಮನೆ, ಕಾಯಿಲೆಯವರ ಮನೆ, ಎಲ್ಲಿಗೂ ಕರೆಯದೆ ಬಂದು ಪ್ರಾರ್ಥನೆ ಮಾಡಿ ಹೋಗೋ ಒಳ್ಳೇ ಜೀವ. ಬಾಯಿ ಮಾತ್ರ ಮೈಕು. ಒಂದು ಗುರುವಾರ ಅವರೆಲ್ಲ ಬಂದು ನಮ್ಮ ಹಾಲಿನಲ್ಲಿ ಚಾಪೆ ಹಾಕಿಕೊಂಡು ಕೂತರು. ಹಾಡಾಯಿತು, ಬೈಬಲ್ ವಾಚನ ಆಯಿತು. "ಈಗ ಒಂದ್ನಿಮಿಷ ಮೌನವಾಗಿ ದೇವ್ರು ಏನೇಳ್ತಾನೆ ಕೇಳಾವ" ಅಂದರು ದೊಡ್ಡಕ್ಕ. ಎಲ್ಲರೂ ಕಣ್ಣು ಮುಚ್ಚಿದರು. ಆ ಮೌನದ ನಡುವಿಗೆ ಸರಿಯಾಗಿ ನಮ್ಮನೆಯವರಿಗೆ ಸೊಳ್ಳೆ ಕಚ್ಚಿತು.

ಏನು ಕೇಳಿಸಿತು ಅಂತ ನಾನು ಬರೀಬೇಕಾಗಿಲ್ಲ. ಆರೂ ಜನ ಒಟ್ಟಿಗೆ ಶಿಲುಬೆ ಗುರುತು ಹಾಕಿಕೊಂಡರು. ಬಾಗಿಲ ಹತ್ತಿರ ದೊಡ್ಡಕ್ಕ ನನ್ನನ್ನ ಪಕ್ಕಕ್ಕೆ ಎಳೆದು, "ಇದು ಬರೀ ಲಕ್ವ ಅಲ್ಲ ಕಣಮ್ಮಿ, ಒಳಗೆ ಬೇರೆ ಏನೋ ಕುಂತದೆ" ಅಂದರು.

"ಒಳಗೆ ಕುಂತಿರೋದು ನನ್ನ ಗಂಡ ಕಣಕ್ಕ, ಬೇರೆ ಯಾರೂ ಇಲ್ಲ" ಅಂದೆ. ಕೋಪದಲ್ಲಿ ಅವರ ಚಪ್ಪಲಿಯನ್ನ ನಾನೇ ಬಾಗಿಲಾಚೆ ಇಟ್ಟುಕೊಟ್ಟೆ. ಈಗ ನೆನೆದರೆ ನಾಚಿಕೆ ಆಗುತ್ತೆ, ಅವತ್ತು ಆಗಲಿಲ್ಲ.

ಇನ್ನು ನಮ್ಮ ಜಪಸರದ ಕಥೆ. ಆಸ್ಪತ್ರೆಯಿಂದ ಬಂದ ಸಂಜೆ ಏಳು ಗಂಟೆಗೆ ಅಭ್ಯಾಸದಂತೆ ಅವರನ್ನ ಕುರ್ಚಿಯಲ್ಲಿ ಕೂರಿಸಿ ಕೈಗೆ ಮಣಿ ಕೊಟ್ಟೆ. ಇನ್ನೊಬ್ಬರು ಇಲ್ಲದಾಗ ಒಬ್ಬರೇ ಎರಡೂ ಅರ್ಧ ಹೇಳಬಹುದು, ತಪ್ಪಿಲ್ಲ. ಸರಿ ಅಂತ ಅವರ ಅರ್ಧವನ್ನೂ ತಮಿಳಲ್ಲಿ ನಾನೇ ಶುರುಮಾಡಿದೆ. ಅವರು ತಲೆ ಅಲ್ಲಾಡಿಸಿದರು. ಹೋ, ಕನ್ನಡದಲ್ಲಿ ಬೇಕೇನೋ ಅಂದುಕೊಂಡು ಪ್ರಾರ್ಥನೆ ಪುಸ್ತಕ ತೆಗೆದು ಓದಿದೆ. ಎರಡನೇ ತರಗತಿ ಮಕ್ಕಳಿಗೆ ಪಾಠ ಓದಿದ ಹಾಗೆ ಕೇಳಿಸ್ತಿತ್ತು, ನನಗೇ ಗೊತ್ತಾಯಿತು. ಅವರು ಎಡಗೈಯಿಂದ ಪುಸ್ತಕ ತಳ್ಳಿದರು. ಎದೆ ಬಡಿದುಕೊಂಡು ತೋರಿಸಿದರು. ಕಣ್ಣಲ್ಲಿ ನೀರು. ಆಗ ಅರ್ಥ ಆಯಿತು. ಕಂಡಕ್ಟರ್ ಸೀಟಲ್ಲಿ ಪ್ಯಾಸೆಂಜರ್ ಹೋಗಿ ಕೂತ ಹಾಗೆ ನಾನು ಕೂತಿದ್ದೆ.

"ಆಯ್ತು ಕಣ್ರಿ, ನಿಮ್ಮ ಅರ್ಧ ನಾನು ಹೇಳಲ್ಲ. ನೀವೇ ಹೇಳಿ, ಹೇಳೋಗಂಟ ಕಾಯ್ತೀನಿ" ಅಂದೆ.

ಅವತ್ತಿಂದ ನಮ್ಮ ಜಪಸರ ಹೀಗೆ ನಡೀತು: ಮಣಿ ಹಿಡಿದು ಅವರ ಅರ್ಧದಷ್ಟು ಹೊತ್ತು ಸುಮ್ಮನೆ ಕೂರೋದು. ಆಮೇಲೆ ನನ್ನ ತಮಿಳು ಅರ್ಧ. ಮತ್ತೆ ಸುಮ್ಮನೆ. ಮತ್ತೆ ತಮಿಳು. ಐವತ್ತು ಸಲ. ಆ ಮೌನದಲ್ಲಿ ಪಕ್ಕದ ಮನೆ ಧಾರಾವಾಹಿಯ ಅತ್ತೆ ಸೊಸೆ ಜಗಳ ಪೂರ್ತಿ ಕೇಳಿಸೋದು. ಧಾರಾವಾಹಿ ನೋಡದೆಯೇ ನನಗೆ ಕಥೆ ಗೊತ್ತಾಗಿಬಿಟ್ಟಿತ್ತು. ಮೊದಮೊದಲು ನಾನು ಮೌನವನ್ನ ಸ್ವಲ್ಪ ಕತ್ತರಿಸಿ ಬೇಗ ಮುಗಿಸೋಕೆ ನೋಡ್ತಿದ್ದೆ. ಅವರು ಕಣ್ಣು ಕೆಂಪಗೆ ಮಾಡೋರು. ಮಾತು ಹೋದರೂ ನಿಧಾನ ಹೋಗಿರಲಿಲ್ಲ.

ದೊಡ್ಡಕ್ಕನಿಗೆ ಇದು ಹೇಗೋ ಗೊತ್ತಾಯಿತು. "ಅರ್ಧರ್ಧ ಪ್ರಾರ್ಥನೆನ ದೇವ್ರು ತಕ್ಕೊಳ್ಳಲ್ಲ ಕಣಮ್ಮಿ" ಅಂತ ತರಕಾರಿ ಗಾಡಿ ಮುಂದೆ ಎಲ್ಲರೆದುರು ಅಂದರು.

"ತಕ್ಕೊಳ್ದಿದ್ರೆ ಬುಡ್ಲಿ. ಇನ್ನರ್ಧ ಕಿತ್ಕೊಂಡೋನು ಅವನೇ ತಾನೆ? ತಂದ್ಕೊಡ್ಲಿ, ಪೂರ್ತಿ ಹೇಳ್ತೀವಿ" ಅಂದು ಬೀನ್ಸ್ ಕೊಳ್ಳದೆ ಮನೆಗೆ ಬಂದೆ.

ಧೈರ್ಯವಾಗಿ ಅಂದುಬಿಟ್ಟೆ, ಒಳಗೆ ಧೈರ್ಯ ಇರಲಿಲ್ಲ. ಒಂದು ತಿಂಗಳಾಯಿತು, ಎರಡಾಯಿತು, ಮೂರಾಯಿತು. ದಿನಾ ಕೇಳಿದ್ದನ್ನೇ ಕೇಳಿ ಕೇಳಿ ನನಗೇ ಬೇಜಾರು ಬಂತು, ದೇವರಿಗೆ ಇನ್ನೆಷ್ಟು ಬಂದಿರಬೇಕು. ನಾಲ್ಕನೇ ತಿಂಗಳು ನಾನು ನಿಲ್ಲಿಸಿಬಿಟ್ಟೆ. ಸಂಜೆ ಏಳಕ್ಕೆ ಟಿವಿ ಹಾಕಿಕೊಂಡು, ಅವರ ಕಡೆ ನೋಡದೆ ಅವರೆಕಾಯಿ ಬಿಡಿಸ್ತಾ ಕೂತೆ. ಎರಡು ದಿನ ನೋಡಿದರು. ಮೂರನೇ ದಿನ ಗೋಡೆ ಹಿಡಿದು, ಕಾಲು ಎಳೆದುಕೊಂಡು, ಮೊಳೆಗೆ ನೇತುಹಾಕಿದ್ದ ಮಣಿ ತೆಗೆದುಕೊಂಡು ಬಂದು ನನ್ನ ಅವರೆಕಾಯಿ ಮೊರದೊಳಗೆ ಹಾಕಿದರು. ಆಮೇಲೆ ತಮಗಿದ್ದ ಒಂದೇ ಮಾತನ್ನ ಅಂದರು. ಎಷ್ಟು ಮೆತ್ತಗೆ ಅಂದರು ಅಂದರೆ, ಬೇಡಿಕೊಂಡ ಹಾಗಿತ್ತು. ನನಗೆ ಅಳು, ನಗು ಎರಡೂ ಒಟ್ಟಿಗೆ ಬಂತು. ಅವರೆಕಾಳಿನ ಮಧ್ಯದಿಂದ ಮಣಿ ಹುಡುಕಿ ತೆಗೆದು, ಟಿವಿ ಆರಿಸಿದೆ.

ಆಮೇಲೆ ಹೆಚ್ಚು ದಿನ ಆಗಿರಲಿಲ್ಲ. ಎರಡನೇ ಸುತ್ತಿನ ಮೂರನೇ ಮಣಿಯೋ ನಾಲ್ಕನೆಯದೋ. ಅವರ ಪಾಲಿನ ಮೌನ ನಡೀತಿತ್ತು. ಅಡುಗೆಮನೆಯಲ್ಲಿ ಕುಕ್ಕರ್ ಮೂರು ಕೂಗು ಮುಗಿಸಿ ನಾಲ್ಕನೆಯದಕ್ಕೆ ಉಸಿರೆಳೀತಿತ್ತು. ಬೇಳೆ ತಳ ಹಿಡಿಯುತ್ತೆ ಅಂತ ಎದ್ದು ಓಡಿದೆ. ಗ್ಯಾಸ್ ಆರಿಸ್ತಿದ್ದೀನಿ, ಹಿಂದಿನಿಂದ ದನಿ ಬಂತು.

"ನಮೋ ಮರಿಯಾ..."

ಅದೇ ಎಳೆತ, ಅದೇ ಗಂಟಲು. ಬಸ್ಸಿನ ಕೊನೇ ಸೀಟಿಗೂ ಕೇಳಿಸೋ ದನಿ. ತಮ್ಮ ಅರ್ಧ ಪೂರ್ತಿ ಹೇಳಿ, ನಿಲ್ಲಿಸಬೇಕಾದ ಜಾಗದಲ್ಲಿ ನಿಲ್ಲಿಸಿ ಕಾದರು. ನಾನು ಅಡುಗೆಮನೆಯಿಂದಲೇ ನನ್ನ ಅರ್ಧ ಕಿರುಚಿಕೊಂಡು ಓಡಿಬಂದೆ. ಅವರು ಮುಂದಿನ ಮಣಿ ಹಿಡಿದರು, ಮತ್ತೆ ಹೇಳಿದರು. ಮತ್ತೆ ಹೇಳಿದರು! ನಿಲ್ಲಿಸಿದರೆ ಎಲ್ಲಿ ಕೆಟ್ಟುಹೋಗುತ್ತೋ ಅನ್ನೋ ಭಯಕ್ಕೆ ಐದು ಸುತ್ತು ಮುಗಿದರೂ ಮುಗೀತು ಅಂತ ನಾನು ಹೇಳಲಿಲ್ಲ. ಸದ್ದಿಲ್ಲದೆ ಆರನೇ ಸುತ್ತಿಗೆ ಎಳೆದುಕೊಂಡು ಹೋದೆ, ಏಳನೆಯದಕ್ಕೂ ಹೋದೆ. ಎಂಟನೆಯದರಲ್ಲಿ ಅವರಿಗೇ ಅನುಮಾನ ಬಂದು ನನ್ನ ಮುಖ ನೋಡಿದರು.

"ಏನ್ರೀ, ಊಟ ಮಾಡ್ತೀರಾ?" ಅಂತ ಕೇಳಿದೆ.

ಬಾಯಿ ತೆರೆದರು. ಹುಡುಕಿದರು. ಬೈದರು.

ಮಾರನೇ ದಿನ ಯಳಂದೂರಿಂದ ಮಗಳು ಓಡಿಬಂದಳು, ಫೋನಲ್ಲಿ ರೆಕಾರ್ಡ್ ಮಾಡೋಕೆ. ದೊಡ್ಡಕ್ಕನ ಕೂಟವೂ ಸುದ್ದಿ ಕೇಳಿ ಬಂತು. ನಾನು ಎಲ್ಲರ ಮುಂದೆ, "ಹೇಳಿ, ಹೇಳಿ ನೋಡಾಣ" ಅಂದೆ. ಅವರು ಕಲ್ಲಿನ ಹಾಗೆ ಕೂತರು. ಇನ್ನೂ ಪೀಡಿಸಿದ್ದಕ್ಕೆ ಒಂದೇ ಒಂದು ಮಾತು ಹೇಳಿದರು, ಆ ಮಾತು ಎಲ್ಲರಿಗೂ ಗೊತ್ತಿದ್ದದ್ದೇ. ಎಲ್ಲರೂ ಎದ್ದು ಹೋದ ಮೇಲೆ, ಸಂಜೆ ಏಳಕ್ಕೆ ಮಣಿ ಹಿಡಿದು ನನ್ನೊಬ್ಬಳ ಮುಂದೆ ಐವತ್ತೂ ಸಲ ತಪ್ಪಿಲ್ಲದೆ ಹೇಳಿದರು. ಎಂಥಾ ಜನ!

ಮೈಸೂರಿನಲ್ಲಿ ಮಾತು ಕಲಿಸೋ ಹುಡುಗಿಯೊಬ್ಬಳ ಹತ್ತಿರ ವಾರಕ್ಕೊಮ್ಮೆ ಕರಕೊಂಡು ಹೋಗ್ತಿದ್ದೆ. ಅವಳಿಗೆ ಎಲ್ಲಾ ಹೇಳಿದೆ, ಹೆಮ್ಮೆಯಿಂದಲೇ. ಅವಳು ನನ್ನ ಕೈ ಹಿಡಿದು, "ಆಂಟಿ, ಒಳ್ಳೇದೇ. ಆದ್ರೆ ಅದು ಮಾತಲ್ಲ, ಬಾಯಿಪಾಠ. ಹಾಡು, ಮಗ್ಗಿ, ಬೈಗುಳ, ಪ್ರಾರ್ಥನೆ, ಇವೆಲ್ಲ ತಲೆಯೊಳಗೆ ಬೇರೆ ಕಡೆ ಇರ್ತವೆ. ಕೆಲವರಿಗೆ ಅವು ಉಳಿದುಕೊಳ್ಳುತ್ವೆ" ಅಂದಳು. ನಾನು ನಂಬಲಿಲ್ಲ. ಅವಳು ನಮ್ಮನೆಯವರ ಕಡೆ ತಿರುಗಿ, "ಅಂಕಲ್, ನಿಮ್ಮ ಬಸ್ಸು ಹೋಗೋ ಸ್ಟಾಪ್ ಹೇಳಿ, ಕೊಳ್ಳೇಗಾಲ..." ಅಂದಳು. ಇವರು ಎದೆ ಸೆಟೆಸಿ, "ಮಧುವನಹಳ್ಳಿ, ಕಾಮಗೆರೆ, ಹನೂರ್ ಹನೂರ್ ಹನೂರ್" ಅಂತ ಶುರುಮಾಡಿ ಸೀದಾ ರಾಮಾಪುರಕ್ಕೆ ಹೋಗಿ ನಿಂತರು. ಮೈಸೂರಿನ ಆ ಸಣ್ಣ ರೂಮಿನಲ್ಲಿ ಕೂತು ನಾನು ಒಂದು ಪೈಸೆ ಕೊಡದೆ ತವರಿಗೆ ಹೋಗಿಬಂದೆ. ಹಿಂದಿರುಗುವಾಗ ಬಸ್ಸಿನಲ್ಲಿ ಅವರಿಗೆ ಬಾಯಾರಿತ್ತು, ನೀರು ಅನ್ನೋಕೆ ಬರಲಿಲ್ಲ.

ಮನೆಗೆ ಬಂದವಳೇ ಪಟದ ಮುಂದೆ ನಿಂತೆ. ದೀಪ ಕೂಡ ಹಚ್ಚಲಿಲ್ಲ. "ನಾನು ಕೇಳಿದ್ದು ನನ್ನ ಗಂಡನ ಮಾತು. ನೀನು ನಿನ್ನ ಪಾಲಿಂದು ಮಾತ್ರ ವಾಪಸ್ ಇಸ್ಕೊಂಡಿದ್ದೀಯ. ಬಲು ಜಾಣ ಕಣಪ್ಪ ನೀನು" ಅಂದೆ. ಅವತ್ತು ನನಗಾದ ಹೊಟ್ಟೆಕಿಚ್ಚು ಇನ್ಯಾವತ್ತೂ ಆಗಿಲ್ಲ. ಆತನ ಜೊತೆ ಗಂಟೆಗಟ್ಟಲೆ ಮಾತಾಡ್ತಾರೆ, ನನ್ನ ಜೊತೆ ಇಲ್ಲ. ದೇವರ ಮೇಲೆ ಸವತಿ ಮೇಲಿನ ಹಾಗೆ ಉರಿಯಿತು. ಆದರೂ ಏಳು ಗಂಟೆ ಆಯಿತು, ಮಣಿ ತೆಗೆದುಕೊಂಡೆ. ಬೈದು ಸುಸ್ತಾದ ಮೇಲೆ ಇನ್ನೆಲ್ಲಿಗೆ ಹೋಗೋದು?

ಆ ಹುಡುಗಿ ಒಂದು ಕಿವಿಮಾತು ಹೇಳಿದ್ದಳು. "ಆಂಟಿ, ಬಾಯಿಪಾಠ ಕೆಲಸಕ್ಕೆ ಬರದ ಕಡೆ ಜಾಗ ಬಿಡಿ. ನೀವು ತುಂಬಿಸೋಕೆ ಹೋಗಬೇಡಿ, ಕಾಯಿರಿ."

ಯೋಚನೆ ಮಾಡಿದರೆ, ಜಪಸರದಲ್ಲೇ ಅಂಥಾ ಜಾಗ ಇತ್ತು. ಪ್ರತಿ ಸುತ್ತು ಶುರುವಾಗೋ ಮುಂಚೆ, ಮೊದಲರ್ಧ ಹೇಳೋರು ಈ ಹತ್ತು ಮಣಿ ಯಾರಿಗೋಸ್ಕರ ಅಂತ ಹೇಳಬೇಕು. ಕಾಯಿಲೆಯವರಿಗೆ, ಪರೀಕ್ಷೆ ಬರೆಯೋ ಮಕ್ಕಳಿಗೆ, ತೀರಿಹೋದವರಿಗೆ, ಹೀಗೆ. ಅದು ಬಾಯಿಪಾಠ ಅಲ್ಲ, ಅವತ್ತವತ್ತಿಗೆ ಮನಸ್ಸಿಗೆ ಬಂದದ್ದು. ಲಕ್ವ ಹೊಡೆದ ಮೇಲೆ ನಾವು ಆ ಜಾಗ ಹಾರಿಸಿಕೊಂಡೇ ಹೋಗ್ತಿದ್ದೆವು. ಅವತ್ತಿಂದ ನಾನು ಹಾರಿಸೋದು ಬಿಟ್ಟೆ.

"ಈ ಹತ್ತು ಮಣಿ ಯಾರಿಗೆ?"

ಅವರು ಬಾಯಿ ತೆರೆಯೋರು, ಮುಚ್ಚೋರು. ಕತ್ತಿನ ನರ ಉಬ್ಬೋದು. ನಾನು ಕಾಯ್ತಿದ್ದೆ. ಬೈಗುಳ ಬರೋದು, ಇಲ್ಲ ಏನೂ ಬರ್ತಿರಲಿಲ್ಲ. ಆಗ ನಾನೇ, "ಸರಿ, ದೊಡ್ಡಕ್ಕನ ನಾಲಿಗೆಗೆ, ಅದು ಸ್ವಲ್ಪ ರೆಸ್ಟ್ ತಕ್ಕೊಳ್ಳಲಿ ಅಂತ" ಅಂದುಬಿಡ್ತಿದ್ದೆ. ಅವರು ಮೈ ಕುಲುಕಿಸಿ ನಗೋರು. ಇನ್ನೊಂದು ದಿನ, "ಶಾಗ್ಯದಲ್ಲಿ ನಿಮ್ಮ ಬಸ್ಸಿಂದ ಟಿಕೆಟ್ ಇಲ್ದೆ ಇಳಿದು ಓಡಿದನಲ್ಲ, ಆ ಮಾರಾಯನಿಗೆ." ಮತ್ತೊಂದು ದಿನ, "ಪಕ್ಕದ ಮನೆ ಧಾರಾವಾಹಿ ಸೊಸೆಗೆ, ಪಾಪ." ದೇವರು ಇವನ್ನೆಲ್ಲ ಏನು ಮಾಡಿಕೊಂಡನೋ ಗೊತ್ತಿಲ್ಲ. ಸಂಜೆಗೆ ಐದು ಸಲ ಕೇಳ್ತಿದ್ದೆ, ಐದು ಸಲ ಕಾಯ್ತಿದ್ದೆ, ಐದು ಸಲವೂ ಸೋಲ್ತಿದ್ದೆ. ಹಿಂದಿನ ತಿಂಗಳುಗಳ ಕೋಪ ಕರಗಿತ್ತು ಅಂತ ಹೇಳಲಾರೆ. ಕೋಪ ಇಟ್ಟುಕೊಂಡೇ ಕೇಳ್ತಿದ್ದೆ. ಒಂದು ಮಳೆಗಾಲ ಪೂರ್ತಿ ಹೀಗೇ ಹೋಯಿತು.

ಕಳೆದ ತಿಂಗಳ ಮಾತು. ಮಂಗಳವಾರ. ಅವರು ಕುರ್ಚಿಯಲ್ಲಿ, ನಾನು ನೆಲದ ಮೇಲೆ ಮಂಡಿಯೂರಿ. ನನ್ನ ಎಡಗಡೆ ಮಂಡಿ ಹಿಡಕೊಂಡು ಬಹಳ ದಿನ ಆಗಿತ್ತು. ಯಾರಿಗೂ ಹೇಳಿರಲಿಲ್ಲ, ಮಗಳಿಗೂ ಇಲ್ಲ. ಮನೆಯಲ್ಲಿ ಕಾಯಿಲೆಯವರು ಒಬ್ಬರಿದ್ದರೆ ಸಾಕು ಅಂತ. ಪ್ರತಿ ಸುತ್ತು ಮುಗಿದಾಗ ಯಾರಿಗೂ ಕಾಣದ ಹಾಗೆ ಭಾರವನ್ನ ಬಲಗಾಲಿಗೆ ಹಾಕಿಕೊಳ್ತಿದ್ದೆ. ನಾಲ್ಕು ಸುತ್ತು ಮುಗಿದಿತ್ತು. ಕುರ್ಚಿಯ ಕಾಲು ಹಿಡಿದು, ತುಟಿ ಕಚ್ಚಿಕೊಂಡು ಮಗ್ಗಲು ಬದಲಾಯಿಸ್ತಾ, ಉತ್ತರದ ಆಸೆಯೇ ಇಲ್ಲದೆ ಕೇಳಿದೆ.

"ಈ ಹತ್ತು ಮಣಿ ಯಾರಿಗ್ರೀ?"

ಅವರು ಪಟದ ಕಡೆ ನೋಡ್ತಿರಲಿಲ್ಲ. ನನ್ನ ಕಾಲಿನ ಕಡೆ ನೋಡ್ತಿದ್ದರು. ತುಟಿ ಅಲ್ಲಾಡಿತು. ಮಾಮೂಲಿ ಮಾತೇ ಬರುತ್ತೆ ಅಂತ ನಾನು ಮುಂದಿನ ಮಣಿ ಹಿಡಿದಾಗಿತ್ತು.

"ನಿನ್ನ..." ಅಂದರು.

ಹಿಡಿದಿದ್ದ ಮಣಿ ಬಿಟ್ಟುಬಿಟ್ಟೆ.

"ಮಂಡಿ..."

ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದು, ಬೆವತುಹೋಗಿ, ಕೊನೇ ಅಕ್ಷರವನ್ನ ಹೊರಗೆ ತಳ್ಳಿದರು. "...ಗೆ."

ಇಷ್ಟು ದಿನ ಆ ಮನುಷ್ಯ ಬಾಯಿಲ್ಲದೆ ಕೂತು ನನ್ನ ಮಂಡಿ ನೋಡ್ತಿದ್ದರು. ಒಂದೊಂದು ಸಲ ನಾನು ಮಗ್ಗಲು ಬದಲಾಯಿಸಿದ್ದನ್ನೂ ನೋಡಿದ್ದರು. ನಾನು ಅಲ್ಲೇ ನೆಲದ ಮೇಲೆ ಕುಸಿದು ಅತ್ತುಬಿಟ್ಟೆ, ಮಗು ಅತ್ತ ಹಾಗೆ ಬಾಯಿ ತೆರೆದು ಅತ್ತೆ. ಅವರು ನನ್ನ ಅಳುವಿನ ಮೇಲೆಯೇ "ನಮೋ ಮರಿಯಾ" ಅಂತ ಶುರುಮಾಡಿ, ಅರ್ಧಕ್ಕೆ ನಿಲ್ಲಿಸಿ, ಕುರ್ಚಿಯ ಕೈಗೆ ತಟ್ಟಿ ತಟ್ಟಿ ನನ್ನ ಅರ್ಧಕ್ಕೆ ಕಾದರು. ಮೂಗೊರೆಸಿಕೊಂಡು ಹೇಳಿದೆ. ಹತ್ತೂ ಮಣಿ ಮುಗಿಯೋವರೆಗೆ ಒಂದು ಸಲವೂ ನಾನು ಅವಸರ ಮಾಡಲಿಲ್ಲ.

ಈಗಲೂ ನೀರು ಅನ್ನೋಕೆ ದಿನಾ ಬರಲ್ಲ. ಒಂದು ದಿನ ಬರುತ್ತೆ, ನಾಲ್ಕು ದಿನ ಬರಲ್ಲ. ಆದರೆ ಐದನೇ ಸುತ್ತಿಗೆ ಮುಂಚೆ ನಾನು ಕೇಳಿದರೆ ಆ ಮೂರು ತುಂಡು ಮಾತು, ಎಷ್ಟು ಹೊತ್ತಾದರೂ, ಬಂದೇ ಬರುತ್ತೆ. ಮಂಡಿ ಇನ್ನೂ ನೋಯುತ್ತೆ. ಡಾಕ್ಟರಿಗೆ ತೋರಿಸಮ್ಮ ಅಂತ ಮಗಳು ಫೋನಲ್ಲಿ ಗದರಿಸ್ತಾಳೆ. ತೋರಿಸ್ತೀನಿ ಬಿಡೇ, ಏನು ಅವಸರ, ನಿಮ್ಮಪ್ಪ ಇನ್ನೂ ಅದಕ್ಕೆ ಪ್ರಾರ್ಥನೆ ಮಾಡ್ತಾವ್ರೆ ಅಂತೀನಿ.